ಬಾಡಿಗೆ ಗೋಡೆಯ ಹಾಜಿ

ಇಂಬಾಬಾ ಬಡಾವಣೆಯ ಆ ಐದಂತಸ್ತಿನ ಕಟ್ಟಡದ ಮೊದಲ ಮಹಡಿಗೆ ಬಾಡಿಗೆಗೆ ಬಂದು ಹತ್ತು ತಿಂಗಳಾಗಿದ್ದರೂ ಬಯ್ಯೂಮಿಯ ಹೆಂಡತಿ ನಗ್ವಾ ಅದನ್ನು ಒಂದು ದಿನವೂ ಮನೆ ಎಂದು ಕರೆದವಳಲ್ಲ. ‘ಈ ಜಾಗ’ ಎನ್ನುತ್ತಿದ್ದಳು. “ಈ ಜಾಗದಲ್ಲಿ ನೀರು ಬಂತಾ?” “ಈ ಜಾಗದ ಬೀಗದ ಕೈ ಎಲ್ಲಿ?” ಕೇಳಿದವರಿಗೆ ಅವಳು ಬಸ್ಸಿಗೆ ಕಾಯುತ್ತಿದ್ದಾಳೆ ಅನ್ನಿಸಬೇಕು, ಹಾಗೆ. ತಪ್ಪು ಅವಳದಲ್ಲ ಬಿಡಿ. ಮದುವೆಯಾದ ಹನ್ನೊಂದು ವರ್ಷಕ್ಕೆ ಇದು ಒಂಬತ್ತನೆಯ ಬಾಡಿಗೆ ಮನೆ. ಹಿಂದಿನ ಎಂಟೂ ಮನೆಗಳ ಮಾಲೀಕರು ವಾಯಿದೆ ಮುಗಿದ ದಿನವೇ ಎದ್ದು ಹೋಗಿ ಅಂದಿದ್ದರು. ಒಬ್ಬನಿಗೆ ಮಗನಿಗಾಗಿ ಬೇಕಾಗಿತ್ತು, ಒಬ್ಬನಿಗೆ ಅಳಿಯನಿಗಾಗಿ, ಇನ್ನೊಬ್ಬನಿಗೆ ಪಾರಿವಾಳಗಳಿಗಾಗಿ.

ಬಯ್ಯೂಮಿ ರೈಲ್ವೆಯಲ್ಲಿ ಗುಮಾಸ್ತ. ಪ್ರಯಾಣಿಕರು ಬಿಟ್ಟುಹೋದ ಕೊಡೆ, ಚೀಲ, ಹಲ್ಲುಸೆಟ್ಟುಗಳನ್ನು ಕಾಯುವುದು ಅವನ ಕೆಲಸ. ಅವುಗಳ ಮಾಲೀಕರು ಎಂದೂ ಬರುತ್ತಿರಲಿಲ್ಲ, ಇವನ ಮನೆಯ ಮಾಲೀಕ ಮಾತ್ರ ತಿಂಗಳಿಗೆ ಮೂರು ಸಲ ಬರುತ್ತಿದ್ದ. ಅವನೇ ಹಾಜಿ ದಸೂಕಿ. ಬಿಳಿ ಮೀಸೆ, ಕೈಯಲ್ಲಿ ಒಂದು ಮೊಳದ ಜಪಮಣಿ, ನಾಲಗೆಯ ಮೇಲೆ ಬಾಡಿಗೆ ಪತ್ರದ ಹದಿನೇಳು ಷರತ್ತು. “ಗೋಡೆ ನನ್ನದು. ನೀವು ಅದಕ್ಕೆ ಒರಗಿಕೊಳ್ಳಬಹುದು. ಅಷ್ಟೇ.”

“ಗೋಡೆ ನೋಡಿ, ಹೆಣಕ್ಕೆ ಹೊದಿಸಿದ ಬಟ್ಟೆ ಥರ ಇದೆ,” ಎಂದಳು ನಗ್ವಾ ಒಂದು ದಿನ. “ಒಂದು ಚಿತ್ರ ಇಲ್ಲ, ಒಂದು ಬಣ್ಣ ಇಲ್ಲ. ನೀವು ಗಂಡಸಾದ್ರೆ ಇದನ್ನ ಮನೆ ಮಾಡಿ ತೋರಿಸಿ.”

ಗಂಡಸುತನದ ಮಾತು ಬಂದ ಮೇಲೆ ಬಯ್ಯೂಮಿ ಬಾಡಿಗೆ ಪತ್ರ ತೆಗೆದು ಮೂರು ಸಲ ಓದಿದ. ಗುಮಾಸ್ತನ ಕಣ್ಣು ಅದು, ಇರುವುದಕ್ಕಿಂತ ಇಲ್ಲದಿರುವುದು ಬೇಗ ಕಾಣುತ್ತದೆ. ‘ಮನೆಯ ಒಳಗೋಡೆಗಳನ್ನು ಮುಟ್ಟತಕ್ಕದ್ದಲ್ಲ’ ಎಂದಿತ್ತು. ಬಾಗಿಲ ಹೊರಗೆ ಮೆಟ್ಟಿಲ ಕಡೆಗಿರುವ ಗೋಡೆಯ ಬಗ್ಗೆ ಚಕಾರವಿರಲಿಲ್ಲ! ಮರುದಿನವೇ ಕಚೇರಿಯ ಜವಾನನ ಭಾವಮೈದುನನೊಬ್ಬ ಪೇಂಟರ್ ಎಂದು ತಿಳಿದು, ಆ ಗೋಡೆಗೆ ಅಲೆಕ್ಸಾಂಡ್ರಿಯಾದ ಸಮುದ್ರ ಬರೆದುಕೊಡಲು ಹೇಳಿಕಳಿಸಿದ. ಬಕ್ರೀದ್‌ಗೆ ಬೆನ್ಹಾದಲ್ಲಿರುವ ಅತ್ತೆ ಮನೆಗೆ ಹೊರಡುವಾಗ ಕೆಳಗೆ ಬಾಗಿಲು ಕಾಯುವ ಮುದುಕ ಇದ್ರೀಸ್‌ಗೆ ಒಂದು ಮಾತು ಹೇಳಿಯೂ ಹೋದ. “ಇದ್ರೀಸ್ ಮಾಮ, ಪೇಂಟರ್ ಬರ್ತಾನೆ. ನನ್ನ ಬಾಗಿಲ ಗೋಡೆ ತೋರಿಸು. ಏನು ಬರೀಬೇಕು ಅಂತ ಅವನಿಗೇ ಗೊತ್ತು.”

ನಾಲ್ಕು ದಿನಕ್ಕೆಂದು ಹೋದದ್ದು, ಅತ್ತೆ ಕಾಲು ಉಳುಕಿಸಿಕೊಂಡು ಹದಿನೆಂಟು ದಿನವಾಯಿತು. ಬಯ್ಯೂಮಿ ಕಾಲುವೆ ದಂಡೆಯಲ್ಲಿ ಗಾಳ ಹಾಕಿ ಕೂತು ಕೂತು ಬದನೆಕಾಯಿಯಂತೆ ಕಪ್ಪಾದ. ಅವನ ಭಾವಮೈದ ಹೊಸದಾಗಿ ಕ್ಷೌರ ಕಲಿಯುತ್ತಿದ್ದ. ಅರ್ಧ ತಲೆ ಮುಗಿಸುವಷ್ಟರಲ್ಲಿ ಅವನ ಕಲಿಕೆಯೂ ಮುಗಿದು, ಉಳಿದದ್ದನ್ನು ಬೋಳಿಸದೆ ಗತಿಯಿರಲಿಲ್ಲ. ಬೂಟುಗಳನ್ನು ಕಾಲುವೆ ನುಂಗಿತ್ತು. ಹೀಗೆ ಕಪ್ಪು ಮೋರೆ, ಬೋಳು ತಲೆ, ಹವಾಯಿ ಚಪ್ಪಲಿ, ಕೈಯಲ್ಲಿ ಅತ್ತೆ ಕೊಟ್ಟ ಮೂಲಂಗಿ ಉಪ್ಪಿನಕಾಯಿಯ ಪ್ಲಾಸ್ಟಿಕ್ ಕ್ಯಾನು, ಇಷ್ಟರ ಸಮೇತ ಬಯ್ಯೂಮಿ ಹೆಂಡತಿಗಿಂತ ಎರಡು ದಿನ ಮೊದಲೇ ಇಂಬಾಬಾಕ್ಕೆ ಹಿಂತಿರುಗಿದ.

ಇದ್ರೀಸ್ ಅವನನ್ನು ಕಂಡವನೇ ಬೆಂಚಿನಿಂದ ಎದ್ದು ಬಂದು ಕೈ ಹಿಡಿದು ಮುತ್ತಿಟ್ಟ. ಹತ್ತು ತಿಂಗಳಲ್ಲಿ ಆ ಮುದುಕ ಬೆಂಚಿನಿಂದ ಎದ್ದದ್ದನ್ನೇ ಬಯ್ಯೂಮಿ ನೋಡಿರಲಿಲ್ಲ. “ಯಾಕೆ ಮಾಮ, ಯಾರಾದ್ರೂ ಹೋಗ್ಬಿಟ್ರಾ?” ಎಂದು ಗಾಬರಿಯಾಗಿ ಕೇಳಿದ.

“ಹೋದೋರು ಬಂದ್ರಲ್ಲ, ಅದಕ್ಕೇ ಸಂತೋಷ! ನಮಗೆ ಒಂದು ಮಾತು ಹೇಳ್ದೆ ಹೋಗಿಬಿಟ್ರಿ. ದೊಡ್ಡೋರ ಗುಣಾನೇ ಹಂಗೆ.”

ಬಯ್ಯೂಮಿ ಏನೂ ತಿಳಿಯದೆ ಮೆಟ್ಟಿಲು ಹತ್ತಿದ. ತಿರುವಿನಲ್ಲಿ ಅವನ ಕಾಲು ಕಿತ್ತು ಬರಲಿಲ್ಲ. ಬಾಗಿಲ ಸುತ್ತ ಗೋಡೆಯ ತುಂಬ ಕಪ್ಪು ಹೊದಿಕೆಯ ಕಾಬಾ ಇತ್ತು. ಪಕ್ಕದಲ್ಲಿ ಮದೀನಾದ ಹಸಿರು ಗುಮ್ಮಟ. ಮೇಲೊಂದು ವಿಮಾನ, ಅದರ ಪ್ರತಿ ಕಿಟಕಿಯಿಂದಲೂ ಒಬ್ಬೊಬ್ಬ ಯಾತ್ರಿಕ ಕೈ ಹೊರಗೆ ಹಾಕಿ ಬೀಸುತ್ತಿದ್ದ. ಕೆಳಗೊಂದು ಹಡಗು. ವಿಮಾನದಲ್ಲಿ ಹೋದವನಿಗೆ ಹಡಗು ಯಾಕೆಂದು ಕೇಳಬಾರದು, ನೀಲಿ ಬಣ್ಣ ಉಳಿದಿತ್ತು. ಬಾಗಿಲ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ, ‘ದೇವರ ಮನೆಯನ್ನು ಕಂಡುಬಂದ ಹಾಜಿ ಬಯ್ಯೂಮಿ ಅಬ್ದುಲ್ ಸಮದ್. ಹಜ್ ಸ್ವೀಕಾರ, ಪಾಪ ಪರಿಹಾರ.’

ಹಜ್‌ಗೆ ಹೋದವರು ಹಿಂತಿರುಗುವ ಮೊದಲು ಮನೆಯವರು ಬಾಗಿಲ ಗೋಡೆಗೆ ಹೀಗೆ ಚಿತ್ರ ಬರೆಸಿಡುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ಆ ವರ್ಷ ಆ ಕಟ್ಟಡದಿಂದ ಹೋಗಿದ್ದವಳು ಐದನೆಯ ಮಹಡಿಯ ವಗೀದಾ ಅಜ್ಜಿ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದು ಕಾಸಿಗೆ ಕಾಸು ಕೂಡಿಸಿ ಹೊರಟಿದ್ದಳು. ಅವಳ ಅಳಿಯ ಕಳಿಸಿದ ಪೇಂಟರ್ ಬಂದು ‘ಯಾವ ಗೋಡೆ?’ ಎಂದಾಗ ಇದ್ರೀಸ್ ಕೊಟ್ಟ ಮಾತಿಗೆ ತಪ್ಪದೆ ಬಯ್ಯೂಮಿಯ ಗೋಡೆ ತೋರಿಸಿದ್ದ, ಹೆಸರು ಕೇಳಿದಾಗ ಹೆಸರೂ ಹೇಳಿದ್ದ. ಸಮುದ್ರದ ಪೇಂಟರ್ ಈವತ್ತಿಗೂ ಬಂದಿಲ್ಲ.

“ಅಯ್ಯೋ ಮಾಮ, ನಾನು ಎಲ್ಲೂ ಹೋಗಿಲ್ಲ! ಅತ್ತೆ ಮನೆಗೆ ಹೋಗಿದ್ದೆ!” ಎಂದು ಬಯ್ಯೂಮಿ ಕೆಳಗೆ ಬಗ್ಗಿ ಕಿರುಚಿದ.

ಅಷ್ಟರಲ್ಲಿ ಎದುರು ಬಾಗಿಲು ತೆರೆಯಿತು. ಉಮ್ಮ್ ಫಿಕ್ರಿ ನಿಂತಿದ್ದಳು. ಫಿಕ್ರಿಯ ತಾಯಿಯಾದ್ದರಿಂದ ಆ ಹೆಸರು. ಕಟ್ಟಡದ ಸುದ್ದಿಯೆಲ್ಲ ಅವಳ ಅಡುಗೆಮನೆಯಲ್ಲಿ ಬೆಂದೇ ಹೊರಗೆ ಬರುತ್ತಿತ್ತು. ಅವಳು ಬಯ್ಯೂಮಿಯ ಬೋಳು ತಲೆ ನೋಡಿದಳು, ಸುಟ್ಟ ಮುಖ ನೋಡಿದಳು, ಚಪ್ಪಲಿ ನೋಡಿದಳು. ಗಂಟಲೆತ್ತಿ ಮದುವೆಮನೆಯ ಹಾಗೆ ಉಲುಲುಲು ಹಾಕಿದಳು. ಐದು ಮಹಡಿಗಳೂ ಬಾಗಿಲು ತೆರೆದವು.

“ಕೇಳಿದ್ರಾ? ಅತ್ತೆ ಮನೆಗೆ ಹೋಗಿದ್ದೆ ಅಂತಾರೆ! ಪುಣ್ಯಾನ ಹೇಳ್ಕೊಂಡು ತಿರುಗಬಾರದು ಅಂತ ಮುಚ್ಚಿಡ್ತಿದಾರೆ. ಹೆಂಡತೀನ ತವರಲ್ಲಿ ಬಿಟ್ಟು ಒಬ್ಬರೇ ಹೋಗಿ, ಹಾಜಿಗಳ ಹಾಗೆ ತಲೆ ಬೋಳಿಸ್ಕೊಂಡು ಬಂದಿದಾರೆ, ಮುಖದಲ್ಲಿ ಬೆಳಕು ನೋಡಿ!”

“ಅದು ಬೆಳಕಲ್ಲ ತಾಯಿ, ಬಿಸಿಲು! ಬೆನ್ಹಾ ಬಿಸಿಲು!”

“ಕೈಯಲ್ಲಿರೋದು ಪುಣ್ಯಜಲ ತಾನೆ?”

“ಮೂಲಂಗಿ ಉಪ್ಪಿನಕಾಯಿ!”

“ಅಬ್ಬಾ, ಎಂಥ ವಿನಯ!” ಎಂದು ಉಮ್ಮ್ ಫಿಕ್ರಿ ಕಣ್ಣೊರೆಸಿಕೊಂಡಳು. ಯಾರೋ ಕ್ಯಾನಿಗೆ ಕೈ ಹಾಕಿದರು. ಬಯ್ಯೂಮಿ ಅದನ್ನು ಎದೆಗವಚಿಕೊಂಡು ಒಳಗೆ ಓಡಿ ಚಿಲಕ ಹಾಕಿದ. ಹೊರಗಿದ್ದವರು, ಪಾಪ, ಪ್ರಾರ್ಥನೆಗೆ ಹೊತ್ತಾಯಿತೇನೋ ಎಂದುಕೊಂಡರು.

ಎರಡು ದಿನ ಕಳೆದು ನಗ್ವಾ ಬಂದಳು. ಗೋಡೆ ನೋಡಿ ಮೊದಲು ಬಾಯಿ ಬಡಿದುಕೊಂಡಳು, ಆಮೇಲೆ ಗಂಡನ ತಲೆಗೆ ಬಡಿದಳು. “ಹಜ್ ವಿಷಯದಲ್ಲಿ ಸುಳ್ಳಾ? ನರಕದಲ್ಲಿ ನಮಗೆ ಅಂತ ಬೇರೆ ಕೊಪ್ಪರಿಗೆ ಇಡ್ತಾರೆ! ಈಗಲೇ ಹೋಗಿ ಎಲ್ಲರಿಗೂ ನಿಜ ಹೇಳಿ.”

ಬಯ್ಯೂಮಿ ನಿಜ ಹೇಳಲೆಂದೇ ಬಾಗಿಲು ತೆರೆದ. ಹೊರಗೆ ಹಾಜಿ ದಸೂಕಿ ನಿಂತಿದ್ದ, ಕೈಯಲ್ಲಿ ಮಡಿಸಿದ ಬಾಡಿಗೆ ಪತ್ರ.

“ಬಯ್ಯೂಮಿ, ನಮ್ಮ ಮಗ ಮಿದ್ಹತ್‌ಗೆ ಮದುವೆ ಗೊತ್ತಾಗಿದೆ,” ಎಂದು ಶುರುಮಾಡಿದ. ಇದಕ್ಕಿಂತ ಮುಂದೆ ಕೇಳುವ ಅಗತ್ಯ ಬಯ್ಯೂಮಿಗಿರಲಿಲ್ಲ. ಈ ವಾಕ್ಯವನ್ನು ಎಂಟು ಮನೆಗಳಲ್ಲಿ ಕೇಳಿದ್ದ, ಮದುಮಗನ ಹೆಸರು ಮಾತ್ರ ಬೇರೆ. “ವಾಯಿದೆ ಮುಗಿಯೋಕೆ ಇನ್ನು ಐದು ವಾರ ಇದೆ. ಅಷ್ಟರಲ್ಲಿ ನೀವು...” ಎನ್ನುತ್ತ ದಸೂಕಿ ತಲೆಯೆತ್ತಿದ, ಗೋಡೆ ನೋಡಿದ.

“ನಮ್ಮ ಹಾಜಿನ ನೋಡೋಕೆ ಬಂದ್ರಾ?” ಎಂದಳು ಎದುರು ಬಾಗಿಲಿಂದ ಉಮ್ಮ್ ಫಿಕ್ರಿ. ಅವಳ ಹಿಂದೆ ನಾಲ್ಕು ಹೆಂಗಸರು. “ಏನೋ ಕಾಗದ ತಂದಿದೀರಿ?”

ದಸೂಕಿ ಕಾಗದವನ್ನು ನೋಡಿದ, ಹೆಂಗಸರನ್ನು ನೋಡಿದ. ದೇವರ ಮನೆಯಿಂದ ಬಂದವನನ್ನು ವಾರದೊಳಗೆ ಮನೆ ಬಿಡೆಂದ ಮಾಲೀಕನಿಗೆ ಇಂಬಾಬಾದಲ್ಲಿ ಸಲಾಮು ಹೋಗಲಿ, ಸೊಪ್ಪು ಕೂಡ ಸಿಗುವುದಿಲ್ಲ. “ಬೀಸಿಕೊಳ್ಳೋಕೆ,” ಎಂದು ಅದೇ ಕಾಗದದಿಂದ ಗಾಳಿ ಹಾಕಿಕೊಳ್ಳುತ್ತ ಇಳಿದು ಹೋದ.

ಗಂಡ ಹೆಂಡತಿ ಬಾಗಿಲು ಮುಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತು ಸಲ ಕಟ್ಟಿ ಬಿಚ್ಚಿದ ಗಂಟುಗಳು ನಗ್ವಾಳ ಕಣ್ಣ ಮುಂದೆ ಬಂದಿರಬೇಕು. ಕೊನೆಗೆ ಎಂದಳು, “ಸುಳ್ಳು ಹೇಳ್ಬೇಡಿ. ನಿಜಾನೂ ಹೇಳ್ಬೇಡಿ. ಬಾಯಿ ಮುಚ್ಕೊಂಡಿರಿ.”

ಬಾಯಿ ಮುಚ್ಚಿಕೊಂಡಿರುವುದು ಸುಲಭ ಎಂದುಕೊಂಡವರು ಹಾಜಿಯಾಗಿ ನೋಡಬೇಕು. ಬಯ್ಯೂಮಿಗೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ಮೊದಲ ಜಾಗ ಸಿಕ್ಕಿತು, ಸರಿ. ಆದರೆ ಕಾಫಿ ಅಂಗಡಿಯಲ್ಲಿ ಅವನು ಡಾಮಿನೊ ಪೆಟ್ಟಿಗೆಗೆ ಕೈ ಚಾಚಿದರೆ ಮಾಲೀಕನೇ ಓಡಿಬಂದು ಕಿತ್ತುಕೊಂಡು, “ಬೇಡಿ ಹಾಜಿ, ಇದು ನಮ್ಮಂಥ ಪಾಪಿಗಳಿಗೆ,” ಎನ್ನುತ್ತಿದ್ದ. ಹುಕ್ಕಾ ತೆಗೆದು ಸೋಂಪಿನ ಕಷಾಯ ತಂದಿಡುತ್ತಿದ್ದ. ಫುಟ್‌ಬಾಲ್ ನೋಡುವಾಗ ರೆಫರಿಯ ವಂಶಾವಳಿ ತೆಗೆಯುವಂತಿಲ್ಲ. ಬಸ್ಸಿನಲ್ಲಿ ಒಬ್ಬ ದಢೂತಿ ಆಸಾಮಿ ಕಾಲು ತುಳಿದಾಗ ಬಯ್ಯೂಮಿಯ ಬಾಯಿಗೆ ಬಂದದ್ದೇ ಬೇರೆ, ಆಚೆ ಬಂದದ್ದು “ದೇವರು ನಿನ್ನ ಕಾಲಿಗೆ ಬಲ ಕೊಡಲಿ” ಎಂಬ ಹರಕೆ. ಮೇಲಿನ ಮಹಡಿಯ ಗಂಡಹೆಂಡಿರು ಜಗಳ ತಂದರು, ತಾರಸಿಯ ಪಾರಿವಾಳದವರು ವ್ಯಾಜ್ಯ ತಂದರು. ಎಲ್ಲರಿಗೂ ಅವನು ಒಂದೇ ತೀರ್ಪು ಕೊಡುತ್ತಿದ್ದ, “ತಾಳ್ಮೆ.” ಅದು ಜ್ಞಾನವಲ್ಲ, ಭಯ. ಆದರೂ ಮೂರು ಜಗಳ ನಿಂತೇಹೋದವು.

ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅವನಿಗೆ. “ನಗ್ವಾ, ನಂಗೆ ನಾಚಿಕೆ ಆಗ್ತಿದೆ. ಅಜ್ಜಿ ನಲವತ್ತು ವರ್ಷ ಸೂಜಿ ಹಿಡಿದು ಹೋಗಿದ್ದು, ನಾನು ಗಾಳ ಹಿಡ್ಕೊಂಡು ಹಾಜಿ ಆಗ್ಬಿಟ್ಟೆ,” ಎಂದರೆ ಅವಳು ಮಗ್ಗುಲಾಗಿ, “ನಂಗೂ ಆಗ್ತಿದೆ. ಮಲಗಿ,” ಎನ್ನುತ್ತಿದ್ದಳು.

ಅತ್ತ ದಸೂಕಿ ಕೈಕಟ್ಟಿ ಕೂತಿರಲಿಲ್ಲ. ರೈಲ್ವೆಯ ಗುಮಾಸ್ತನೊಬ್ಬ ಸದ್ದಿಲ್ಲದೆ ಹಜ್‌ಗೆ ಹೋಗಿ ಬರುವುದು ಅವನ ಗಂಟಲಲ್ಲಿ ಇಳಿದಿರಲಿಲ್ಲ. ವಗೀದಾ ಅಜ್ಜಿ ಬರುವ ದಿನ ಗೊತ್ತಾದದ್ದೇ ಅವನ ಮೀಸೆ ನಿಮಿರಿತು. “ಒಂದೇ ಕಟ್ಟಡದಲ್ಲಿ ಇಬ್ಬರು ಹಾಜಿಗಳು! ಇಬ್ಬರನ್ನೂ ಕೂರಿಸಿ ಅನುಭವ ಕೇಳೋಣ. ಬಯ್ಯೂಮಿ ಮನೇಲೇ ಆಗಲಿ, ಕೆಳಗಿದೆ, ಎಲ್ಲರಿಗೂ ಅನುಕೂಲ,” ಎಂದು ತಾನೇ ಸಾರಿದ. ಬಯ್ಯೂಮಿಗೆ ಆ ದಿನ ಜ್ವರ ಬಂದಿತು. ಬಂದ ಜ್ವರ ದಸೂಕಿಯನ್ನು ಕಂಡು ಇಳಿದೂಹೋಯಿತು.

ಅಜ್ಜಿ ಬಂದಳು. ಮೊದಲು ಐದು ಮಹಡಿ ಹತ್ತಿ ತನ್ನ ಬೋಳು ಗೋಡೆ ನೋಡಿದಳಂತೆ, ಮತ್ತೆ ನಾಲ್ಕು ಮಹಡಿ ಇಳಿದು ಬಯ್ಯೂಮಿಯ ಗೋಡೆಯನ್ನು ಇನ್ನೊಮ್ಮೆ ನೋಡಿದಳಂತೆ. ಸಂಜೆ ಕೂಟಕ್ಕೆ ಬಂದು ಬಯ್ಯೂಮಿಯ ಏಕೈಕ ಮೆತ್ತನೆಯ ಕುರ್ಚಿಯಲ್ಲಿ ಕೂತು, ಅವನನ್ನೇ ನೆಟ್ಟ ನೋಟದಿಂದ ನೋಡತೊಡಗಿದಳು. ಹೊಲಿಗೆಯವಳ ಕಣ್ಣು, ಬಟ್ಟೆಯೊಳಗಿನ ಮನುಷ್ಯನ ಅಳತೆ ಗೊತ್ತು. ಕೋಣೆಯ ತುಂಬ ಜನ, ಬಾಗಿಲಾಚೆ ಮೆಟ್ಟಿಲ ಮೇಲೂ ಜನ.

“ಹಾಜಿ ಬಯ್ಯೂಮಿ,” ಎಂದ ದಸೂಕಿ, ದನಿಯಲ್ಲಿ ಜೇನು ಸುರಿಸುತ್ತ. “ಅರಫಾತ್ ಬೆಟ್ಟದ ಬಗ್ಗೆ ಹೇಳಿ. ಹತ್ತೋದು ಹೆಂಗಿತ್ತು?”

ಬಯ್ಯೂಮಿ ಹೆಂಡತಿಯನ್ನು ನೋಡಿದ. ಅವಳು ಸೀಲಿಂಗ್ ನೋಡುತ್ತಿದ್ದಳು. “ಬೆಟ್ಟ... ಎತ್ತರ,” ಎಂದ.

“ಎಷ್ಟು ಎತ್ತರ?”

“ಬೆಳಿಗ್ಗೆ ಹೊರಟೋರು ಸಂಜೆಗೆ ಮುಟ್ಟಿದ್ವಿ.”

ಬಯ್ಯೂಮಿ ಈಗ ಸಿಕ್ಕಿಬಿದ್ದೆ ಎಂದುಕೊಂಡು ಕಣ್ಣು ಮುಚ್ಚಿದ. ಆದರೆ ದಸೂಕಿ ಜಪಮಣಿ ಎಣಿಸುತ್ತ ಗಂಭೀರವಾಗಿ ತಲೆಯಾಡಿಸಿದ. “ನೀವು ಪುಣ್ಯವಂತರು, ಒಂದೇ ದಿನಕ್ಕೆ ಮುಗೀತು. ನಮ್ಮ ಕಾಲದಲ್ಲಿ ನಡುವೆ ಒಂದು ಕಡೆ ತಂಗಬೇಕಾಗಿತ್ತು.”

ಬಯ್ಯೂಮಿ ಒಂದು ಕಣ್ಣು ತೆರೆದ. “ಮೇಲೆ ಚಳಿ,” ಎಂದು ನೋಡಿದ.

“ಚಳಿ ಅಂದ್ರೆ! ನಮ್ಮ ಜೊತೆಗಿದ್ದೋರ ಹಲ್ಲು ಕಟಕಟ ಅಂತಿತ್ತು. ಕಾಲ ಕೆಳಗೆ ಮೋಡ ಹೋಗ್ತಿತ್ತು.”

“ಕಿವಿ ಮುಚ್ಕೊಂಡಿತ್ತು ನಂಗೆ.”

“ನಂಗೆ ಮೂರು ದಿನ ಕೇಳಿಸ್ಲೇ ಇಲ್ಲ!”

“ಟಿವೀಲಿ ನೋಡಿದ್ರೆ ಪುಟ್ಟ ಗುಡ್ಡ ಕಂಡ ಹಾಗೆ ಇರುತ್ತಲ್ಲ?” ಎಂದಳು ಉಮ್ಮ್ ಫಿಕ್ರಿ.

“ಟಿವಿಯೇ ಪುಟ್ಟದು,” ಎಂದು ದಸೂಕಿ ಗದರಿದ. “ಅದರೊಳಗೆ ಬೆಟ್ಟ ಹೆಂಗೆ ದೊಡ್ಡದಾಗಿ ಕಾಣುತ್ತೆ?”

ವಗೀದಾ ಅಜ್ಜಿ ಕುರ್ಚಿಯಲ್ಲಿ ಸರಿದು ಕೂತಳು. “ನಾನೊಂದು ಮಾತು ಹೇಳ್ಲಾ? ಅದು ಈ ಕಟ್ಟಡದ ನಾಲ್ಕು ಪಟ್ಟು ಎತ್ತರ ಇರಬಹುದು, ಅಷ್ಟೇ. ಮೆಟ್ಟಿಲು ಮಾಡಿದಾರೆ. ನನ್ನ ಈ ಮಂಡಿ ಇಟ್ಕೊಂಡು ನಾನೇ ನಮಾಜಿಗೆ ಮುಂಚೆ ಹತ್ತಿ ಇಳಿದೆ. ಬಿಸಿಲಿಗೆ ಚಪ್ಪಲಿ ಕರಗಿ ಕಲ್ಲಿಗೆ ಅಂಟ್ಕೊಂಡಿತ್ತು. ಚಳಿಯಂತೆ, ಮೋಡವಂತೆ! ನೀವಿಬ್ಬರೂ ಯಾವ ಬೆಟ್ಟಕ್ಕೆ ಹೋಗಿದ್ರಪ್ಪ?”

ಬಯ್ಯೂಮಿಯ ಕಟ್ಟೆ ಒಡೆಯಿತು. ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಹೊರಗೆ ಬಂತು. “ನಾನು ಬೆನ್ಹಾಗೆ ಹೋಗಿದ್ದೆ! ಅತ್ತೆ ಮನೆಗೆ! ಇದು ಭಾವಮೈದ ಬೋಳಿಸಿದ ತಲೆ. ಮೊದಲ ದಿನಾನೇ ಹೇಳ್ದೆ, ಯಾರೂ ಕೇಳ್ಲಿಲ್ಲ. ಆಮೇಲೆ ಇವರು ಮನೆ ಬಿಡಿ ಅನ್ನೋಕೆ ಬಂದ್ರು, ಗೋಡೆ ನೋಡಿ ಸುಮ್ಮನಾದ್ರು. ನಾನೂ ಸುಮ್ಮನಾಗ್ಬಿಟ್ಟೆ. ಆ ಗೋಡೆ ನಿಮ್ಮದು ಅಜ್ಜಿ. ನಿಮ್ಮ ಹಜ್ಜಿನ ಹಿಂದೆ ನಾನು ಬಚ್ಚಿಟ್ಕೊಂಡಿದ್ದೆ. ನಂಗೆ ಕ್ಷಮೆ ಬೇಡ, ಮನೆ ಬೇಕಿತ್ತು!”

ಉಮ್ಮ್ ಫಿಕ್ರಿ, “ಹಂಗಾದ್ರೆ ಅದು ಉಪ್ಪಿನಕಾಯೀನೇನಾ?” ಎಂದು ಮೆಲ್ಲಗೆ ಕೇಳಿದಳು.

ದಸೂಕಿ ಎದ್ದು ನಿಂತ. “ನೋಡಿದ್ರಾ! ಸುಳ್ಳು ಹಾಜಿ! ನಂಗೆ ಮೊದಲೇ ಗೊತ್ತಿತ್ತು. ತಿಂಗಳ ಕೊನೆಗೆ ಮನೆ ಖಾಲಿ ಆಗ್ಬೇಕು, ನಾಳೆನೇ ಗೋಡೆಗೆ ಸುಣ್ಣ!”

“ಕೂತ್ಕೋ ದಸೂಕಿ,” ಎಂದಳು ಅಜ್ಜಿ. “ನೀನು ಹೋಗಿದ್ದು ಯಾವ ವರ್ಷ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ದಸೂಕಿ ಮೀಸೆ ಮುಟ್ಟಿ ನೋಡಿಕೊಂಡ. ನಮ್ಮಲ್ಲಿ ತಲೆ ನೆರೆತ ಗಂಡಸನ್ನು ತರಕಾರಿಯವನಿಂದ ಹಿಡಿದು ಟ್ಯಾಕ್ಸಿಯವನವರೆಗೆ ಎಲ್ಲರೂ ಮರ್ಯಾದೆಗೆ ಹಾಜಿ ಎನ್ನುತ್ತಾರೆ. ಮೂವತ್ತು ವರ್ಷದಿಂದ ಕರೆಸಿಕೊಂಡು ಕರೆಸಿಕೊಂಡು, ಹೋಗಿಲ್ಲವೆಂಬುದು ದಸೂಕಿಗೇ ಮರೆತುಹೋಗಿತ್ತು.

“ಜನ ಕರೀತಾರೆ,” ಎಂದ, ದನಿ ಬಾವಿಯೊಳಗಿಂದ ಬಂದಂತೆ. “ನಾನೇನು ಮಾಡ್ಲಿ?”

“ಪಾಪ, ಅವನೂ ಅದನ್ನೇ ತಾನೆ ಹೇಳ್ತಿರೋದು? ಅವನದು ಎರಡು ವಾರದ ಸುಳ್ಳು, ಒಪ್ಕೊಂಡ. ನಿಂದು ಮೂವತ್ತು ವರ್ಷದ್ದು. ನಿನ್ನ ಮದುವೆಯ ಅಂಗಿ ಹೊಲಿದವಳು ನಾನು, ನೀನು ಇಂಬಾಬಾ ದಾಟಿದ್ದೇ ನಾ ಕಾಣೆ.” ಮೆಟ್ಟಿಲ ಮೇಲಿದ್ದವರು ನಕ್ಕರು. ಅಜ್ಜಿ ನಗಲಿಲ್ಲ. “ಸುಣ್ಣ ಬಳೀತೀನಿ ಅಂದೆಯಲ್ಲ? ಬಾ, ಬ್ರಶ್ ತಗೋ. ಇಷ್ಟು ಜನರ ಎದುರಿಗೆ ದೇವರ ಮನೆ ಮೇಲೆ ಮೊದಲ ಗೆರೆ ನೀನೇ ಎಳಿ.”

ದಸೂಕಿ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಆಮೇಲೆ ಅಜ್ಜಿ ಬಯ್ಯೂಮಿಯ ಕಡೆ ತಿರುಗಿದಳು. “ನಂಗೆ ಸಂಕಟ ಆಯ್ತು ಕಣಪ್ಪ. ಮೆಟ್ಟಿಲು ಹತ್ತುವಾಗೆಲ್ಲ ಗೋಡೆ ನೋಡ್ತೀನಿ ಅಂತ ಆಸೆ ಇತ್ತು. ಹತ್ತಿ ನೋಡಿದ್ರೆ ಬೋಳು. ನಾಳೆ ಪೇಂಟರ್ ಬಂದು ನಿನ್ನ ಹೆಸರು ಅಳಿಸಿ ನನ್ನ ಹೆಸರು ಬರೀತಾನೆ.”

“ಬರೀಲಿ ಅಜ್ಜಿ, ನಾನೇ ಏಣಿ ಹಿಡೀತೀನಿ.”

“ಹೆಸರು ಇಲ್ಲಿದ್ದ ಮೇಲೆ ನನ್ನ ನೋಡೋಕೆ ಬರೋರು ಐದು ಮಹಡಿ ಯಾಕೆ ಹತ್ತಬೇಕು? ಇಲ್ಲೇ ಬರ್ತಾರೆ, ನಾನೂ ಇಲ್ಲೇ ಕೂರ್ತೀನಿ, ಈ ಕುರ್ಚಿ ಚೆನ್ನಾಗಿದೆ. ಗೋಡೆ ಒರೆಸಿ ಇಟ್ಕೊಳ್ಳೋಕೆ ಮಿದ್ಹತ್‌ನ ಹೊಸ ಹೆಂಡತಿಯಿಂದ ಆಗಲ್ಲ. ಇವರಿಬ್ಬರೇ ಇರಲಿ. ಏನಂತೀಯ, ದಸೂಕಿ?” ಎಂದವಳು ಒಂದು ಗಳಿಗೆ ನಿಂತು, “ಹಾಜಿ ದಸೂಕಿ?” ಎಂದಳು.

ಆ ಎರಡನೆಯ ಸಲದ ಕರೆಯಲ್ಲಿ ಏನಿತ್ತೆಂದು ದಸೂಕಿಗೆ ಚೆನ್ನಾಗಿ ಗೊತ್ತಾಯಿತು. ಬೀಸಿಕೊಳ್ಳುವ ಕಾಗದ ತೆಗೆದು ಬಯ್ಯೂಮಿಯ ಬೆನ್ನ ಮೇಲೇ ಇಟ್ಟು ಇನ್ನೂ ಏಳು ವರ್ಷದ ಬಾಡಿಗೆಗೆ ರುಜು ಹಾಕಿದ. ಮೇಜು ಹತ್ತಿರವೇ ಇತ್ತು, ಯಾರಿಗೂ ನೆನಪಾಗಲಿಲ್ಲ.

ಮುಂದಿನ ವಾರ ಬಯ್ಯೂಮಿ ಕೆಲಸ ಮುಗಿಸಿ ಮೆಟ್ಟಿಲು ಹತ್ತಿ ಬಂದ. ಬಾಗಿಲ ಹೊರಗೆ ಅಜ್ಜಿಯನ್ನು ನೋಡಲು ಬಂದವರ ಮೂವತ್ತು ಜೊತೆ ಚಪ್ಪಲಿ, ಒಳಗೆ ಸಂತೆ. ಅವನು ಎಂದೂ ಕಾಣದ ಒಬ್ಬ ದಪ್ಪ ಹೆಂಗಸು, ಅವನದೇ ಲೋಟದಲ್ಲಿ ಚಹಾ ಕುಡಿಯುತ್ತ, ಬಾಗಿಲಿಗೆ ಅಡ್ಡ ನಿಂತಿದ್ದಳು.

“ಯಾರು ಬೇಕಿತ್ತು?”

“ನಾನು... ಈ ಮನೆಯವನು.”

ಹೆಂಗಸು ಒಳಗೆ ತಿರುಗಿ ಕೂಗಿದಳು. “ನಗ್ವಾ! ಯಾರೋ ಮನೆಯವನಂತೆ ಬಂದಿದಾನೆ!”

“ಮನೇಲಿ ಕಾಲಿಡೋಕೆ ಜಾಗ ಇಲ್ಲ ಅನ್ನಿ!” ಅಡುಗೆಮನೆಯಿಂದ ನಗ್ವಾಳ ದನಿ ಕೇಳಿತು, ಹನ್ನೊಂದು ವರ್ಷದಲ್ಲಿ ಅಷ್ಟು ಗಟ್ಟಿಯಾಗಿ ಅವಳು ಕೂಗಿದ್ದಿಲ್ಲ. “ನಮ್ಮನೇಲಿ ಸಕ್ಕರೆ ಮುಗಿದಿದೆ. ತಗೊಂಡೇ ಬರ್ಲಿ!”

ಬಾಗಿಲು ಮುಖದ ಮೇಲೆ ಮುಚ್ಚಿಕೊಂಡಿತು. ಎಂಟು ಮನೆಗಳಿಂದ ಮಾಲೀಕರು ಹೊರಗೆ ಹಾಕಿದ್ದ ಬಯ್ಯೂಮಿಯನ್ನು ಮೊಟ್ಟಮೊದಲ ಸಲ ಅವನ ಹೆಂಡತಿ ಹೊರಗೆ ಹಾಕಿದ್ದಳು. ಅವನು ಎರಡೆರಡು ಮೆಟ್ಟಿಲು ಹಾರುತ್ತ ಸಕ್ಕರೆ ತರಲು ಓಡಿದ.